ಕಿತ್ತಳೆ ಹಣ್ಣಿನ ಕೆಳಗೆ ಒಂದು ಬ್ಯಾಂಕು

1906ನೆಯ ಇಸವಿ, ಏಪ್ರಿಲ್ 18. ಅಮೆರಿಕದ ಪಶ್ಚಿಮ ತೀರದ ಸಾನ್ ಫ್ರಾನ್ಸಿಸ್ಕೋ ನಗರ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ. ಬೆಳಗಿನ 5 ಗಂಟೆ 12 ನಿಮಿಷಕ್ಕೆ ನೆಲ ನಡುಗಿತು. ಗೋಡೆಗಳು ಬಿರಿದುವು, ಹೊಗೆಗೂಡುಗಳು ಉರುಳಿದುವು, ನೆಲದಡಿಯ ನೀರಿನ ಕೊಳವೆಗಳು ಒಡೆದುಹೋದುವು. ಆ ಬಳಿಕ ಅಲ್ಲಲ್ಲಿ ಬೆಂಕಿ ಹತ್ತಿಕೊಂಡಿತು. ಆರಿಸೋಣವೆಂದರೆ ಕೊಳವೆಗಳಲ್ಲಿ ನೀರಿಲ್ಲ. ಮೂರು ದಿನಗಳಿಗೂ ಮೇಲ್ಪಟ್ಟು ಉರಿದ ಆ ಜ್ವಾಲೆಗೆ ಸುಮಾರು 28,000 ಕಟ್ಟಡಗಳು ಆಹುತಿಯಾದುವು. 4 ಲಕ್ಷ ಜನರಿದ್ದ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಲೆಯ ಮೇಲೆ ಸೂರಿಲ್ಲದಂತಾಯಿತು.

ಆ ನಗರದ ನಾರ್ತ್ ಬೀಚ್ ಎಂಬ ಬಡಾವಣೆಯಲ್ಲಿ 'ಬ್ಯಾಂಕ್ ಆಫ್ ಇಟಲಿ' ಎಂಬ ಪುಟ್ಟ ಬ್ಯಾಂಕೊಂದಿತ್ತು. ಇಟಲಿಯಿಂದ ವಲಸೆ ಬಂದ ಮೀನುಗಾರರು, ಕೂಲಿಕಾರರು, ತರಕಾರಿ ಮಾರುವವರು ಅದರ ಗಿರಾಕಿಗಳು. ದೊಡ್ಡ ಬ್ಯಾಂಕುಗಳ ಅಮೃತಶಿಲೆಯ ಮೆಟ್ಟಲೇರಲು ಅಳುಕುತ್ತಿದ್ದ ಇಂಥವರಿಗಾಗಿಯೇ ಅಮಡಿಯೋ ಪೀಟರ್ ಜಿಯಾನಿನಿ ಎಂಬ ತರಕಾರಿ ವ್ಯಾಪಾರಿ 1904ರಲ್ಲಿ ಅದನ್ನು ತೆರೆದಿದ್ದ. ಅವನ ಮನೆ ಹದಿನೇಳು ಮೈಲಿ ದೂರದ ಸಾನ್ ಮಟೇಯೋ ಊರಿನಲ್ಲಿ. ರೈಲು ನಿಂತುಹೋಗಿತ್ತು. ಬಹುದೂರ ನಡೆದೇ ಅವನು ಬ್ಯಾಂಕನ್ನು ಮುಟ್ಟಿದಾಗ ನಡುಹಗಲಾಗಿತ್ತು. ಬೆಂಕಿ ಎಷ್ಟು ಬೀದಿಗಳಾಚೆ ಇದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ ಅವನು ಒಂದು ನಿರ್ಧಾರಕ್ಕೆ ಬಂದ. ತನ್ನ ಮಲತಂದೆಯ ಮಂಡಿಯಿಂದ ಎರಡು ತರಕಾರಿ ಬಂಡಿಗಳನ್ನು ತರಿಸಿ, ಬ್ಯಾಂಕಿನಲ್ಲಿದ್ದ ಸುಮಾರು 80,000 ಡಾಲರುಗಳ ಚಿನ್ನ ಬೆಳ್ಳಿಯನ್ನು ಅವುಗಳಲ್ಲಿ ಹೇರಿಸಿದ. ಬೀದಿಯಲ್ಲಿ ಕಳ್ಳರ ಭಯ. ಚಿನ್ನದ ಮೇಲೆ ಕಿತ್ತಳೆ ಹಣ್ಣಿನ ಪೆಟ್ಟಿಗೆಗಳನ್ನು ಪೇರಿಸಿದ್ದಾಯಿತು. ರಾತ್ರಿಯೆಲ್ಲ ಸಾಗಿದ ಬಂಡಿಗಳು ಅವನ ಮನೆ ತಲುಪಿದುವು. ಬಹಳ ದಿನಗಳವರೆಗೆ ಆ ಬ್ಯಾಂಕಿನ ಹಣಕ್ಕೆ ಕಿತ್ತಳೆಯ ವಾಸನೆ ಬರುತ್ತಿತ್ತೆಂದು ಇಂದಿಗೂ ಹೇಳುವುದುಂಟು.

ಇದ್ದೂ ಇಲ್ಲದ ಹಣ

ದೊಡ್ಡ ಬ್ಯಾಂಕುಗಳು ಹೀಗೆ ಗಾಬರಿಪಡಲಿಲ್ಲ. ಅವುಗಳ ಹಣ ದಪ್ಪ ಉಕ್ಕಿನ ಭದ್ರ ಕೊಠಡಿಗಳಲ್ಲಿತ್ತು. ಆ ಕೊಠಡಿಗಳು ಬೆಂಕಿಯನ್ನು ತಡೆದುಕೊಂಡುದೂ ನಿಜವೇ. ಆದರೆ ಬೆಂಕಿ ಆರಿದ ಮೇಲೆ ಬೇರೊಂದು ತೊಡಕು ಕಾಣಿಸಿಕೊಂಡಿತು. ಕಾದ ಉಕ್ಕು ಬೇಗ ತಣಿಯುವ ವಸ್ತುವಲ್ಲ. ಒಳಗಿನ ನೋಟುಗಳೂ ಲೆಕ್ಕದ ಪುಸ್ತಕಗಳೂ ಗಾಳಿಯಿಲ್ಲದ ಕಾವಿನಲ್ಲಿ ಒಣಗಿ ಕುಳಿತಿದ್ದುವು. ಆತುರಪಟ್ಟು ಬಾಗಿಲು ತೆರೆದರೆ ಹೊರಗಿನ ಗಾಳಿ ತಾಕಿದೊಡನೆ ಅವು ಭಗ್ಗನೆ ಹೊತ್ತಿಕೊಳ್ಳುವುದು ಖಚಿತ. ಹೀಗಾಗಿ ಹಣವೆಲ್ಲ ಭದ್ರವಾಗಿದ್ದರೂ ಅದನ್ನು ಮುಟ್ಟಲು ವಾರಗಟ್ಟಲೆ ಕಾಯಬೇಕಾಯಿತು. ಠೇವಣಿದಾರನ ಮನೆ ಸುಟ್ಟಿದೆ, ಮಕ್ಕಳು ಬಯಲಿನಲ್ಲಿ ಮಲಗಿದ್ದಾರೆ, ಮರಮುಟ್ಟು ಕೊಳ್ಳಲು ಈ ಹೊತ್ತೇ ಹಣ ಬೇಕು. ಅವನ ಹಣವೋ ಉಕ್ಕಿನ ಗೋಡೆಯ ಹಿಂದೆ ಕ್ಷೇಮವಾಗಿದೆ!

ಜಿಯಾನಿನಿ ಹಡಗುಕಟ್ಟೆಗೆ ಹೋಗಿ ಎರಡು ಪೀಪಾಯಿಗಳ ಮೇಲೆ ಒಂದು ಹಲಗೆಯನ್ನು ಹಾಸಿದ. ಪಕ್ಕದಲ್ಲಿ ಹಣದ ಚೀಲ. ಅದೇ ಬ್ಯಾಂಕು. ಬಂದವರ ಮುಖವನ್ನೂ ದುಡಿದು ಒರಟಾದ ಕೈಗಳನ್ನೂ ನೋಡಿ, ರುಜು ಹಾಕಿಸಿಕೊಂಡು ಅವನು ಮನೆ ಕಟ್ಟಲು ಸಾಲ ಕೊಟ್ಟನೆಂದು ಅವನ ಚರಿತ್ರೆ ಹೇಳುತ್ತದೆ. ಬ್ಯಾಂಕು ತೆರೆದಿದೆ ಎಂಬ ಸುದ್ದಿ ಹರಡಿದಂತೆ, ಹಾಸಿಗೆಯಡಿಯಲ್ಲಿ ನಾಣ್ಯ ಕೂಡಿಟ್ಟಿದ್ದವರೂ ಅದನ್ನು ಅಲ್ಲಿಗೆ ತಂದು ಠೇವಣಿಯಿಡತೊಡಗಿದರು. ಆ ಪುಟ್ಟ ಬ್ಯಾಂಕು ಬೆಳೆದು 1930ರಲ್ಲಿ 'ಬ್ಯಾಂಕ್ ಆಫ್ ಅಮೆರಿಕ' ಎಂಬ ಹೆಸರು ತಳೆಯಿತು. ಅಮೆರಿಕದ ಅತಿ ದೊಡ್ಡ ಬ್ಯಾಂಕುಗಳಲ್ಲಿ ಒಂದಾಯಿತು.

ಹಣಕಾಸಿನ ಸಂಸ್ಥೆಗಳು ವಿಪತ್ತಿಗೆ ಮುಂಚಿತವಾಗಿಯೇ ಮಾಡಿಕೊಳ್ಳಬೇಕಾದ ಸಿದ್ಧತೆಯ ಸಾರವೆಲ್ಲ ಈ ಕಥೆಯಲ್ಲಿ ಅಡಗಿದೆ. ಹಣ ಸುರಕ್ಷಿತವಾಗಿದ್ದರೆ ಸಾಲದು. ಬೇಕಾದ ಗಳಿಗೆಯಲ್ಲಿ ಅದು ಒಡೆಯನ ಕೈಗೆ ದೊರೆಯಬೇಕು. ಆದರೆ ಇಂದಿನ ಬ್ಯಾಂಕನ್ನು ಬಂಡಿಯಲ್ಲಿ ಹೇರಲಾಗದು. ಅದರ ಸರ್ವಸ್ವವೂ ಗಣಕಯಂತ್ರಗಳಲ್ಲಿ ಬರೆದಿಟ್ಟ ಲೆಕ್ಕ. ಯಾರಿಗೆ ಎಷ್ಟು ಸಲ್ಲಬೇಕು, ಯಾರಿಂದ ಎಷ್ಟು ಬರಬೇಕು ಎಂಬ ಆ ಲೆಕ್ಕ ಅಳಿಸಿಹೋದರೆ ತಿಜೋರಿಯಲ್ಲಿ ಉಳಿದ ನೋಟುಗಳು ಯಾರವು ಎಂದು ಹೇಳುವವರೇ ಇರುವುದಿಲ್ಲ. ಆದ್ದರಿಂದಲೇ ಬ್ಯಾಂಕುಗಳೂ ಷೇರು ಪೇಟೆಗಳೂ ಲೆಕ್ಕದ ಎರಡನೆಯ ಪ್ರತಿಯನ್ನು ದೂರದ ಇನ್ನೊಂದು ಊರಿನಲ್ಲಿ ಸದಾ ಸಿದ್ಧವಾಗಿಟ್ಟುಕೊಳ್ಳುತ್ತವೆ. ಮೊದಲನೆಯ ಕೇಂದ್ರ ಕೆಟ್ಟರೆ ಎರಡನೆಯದು ಎಷ್ಟು ಹೊತ್ತಿನಲ್ಲಿ ಕೆಲಸಕ್ಕೆ ತೊಡಗಬೇಕು? ಕೆಡುವ ಕ್ಷಣದ ಎಷ್ಟು ನಿಮಿಷಗಳ ಲೆಕ್ಕ ಕಳೆದುಹೋದರೆ ತಾಳಿಕೊಳ್ಳಬಹುದು? ಇವೆರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವುದೇ ಈ ಶಾಸ್ತ್ರದ ಅಡಿಗಲ್ಲು.

ಎರಡು ಹಗ್ಗ, ಒಂದೇ ಗೂಟ

ಇಂಥ ಸಿದ್ಧತೆಗಳು ನಿಜಕ್ಕೂ ಒರೆಗೆ ಬಿದ್ದುದು 2001ರ ಸೆಪ್ಟೆಂಬರ್ 11ರಂದು, ನ್ಯೂಯಾರ್ಕ್ ನಗರದಲ್ಲಿ. ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳ ಮೇಲೆ ಅಪಹೃತ ವಿಮಾನಗಳು ಎರಗಿದ ದಿನ ಅದು. ಆ ಗೋಪುರಗಳ ಸುತ್ತಣ ಕೆಲವು ಬೀದಿಗಳಲ್ಲೇ ಅಮೆರಿಕದ ಹಣಕಾಸಿನ ವ್ಯವಹಾರದ ಬಹುಪಾಲು ನಡೆಯುತ್ತಿತ್ತು.

ಆಗ ಬೆಳಕಿಗೆ ಬಂದ ಒಂದು ಸಂಗತಿ ಇಂದಿಗೂ ಪಾಠವಾಗಿ ಉಳಿದಿದೆ. ಅನೇಕ ಸಂಸ್ಥೆಗಳು ಒಂದು ದೂರವಾಣಿ ತಂತಿ ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಬೇರೆ ಬೇರೆ ಕಂಪನಿಗಳಿಂದ ತಂತಿ ಎಳೆಸಿಕೊಂಡಿದ್ದುವು. ಎರಡಕ್ಕೂ ಬೇರೆ ಬೇರೆ ಬಾಡಿಗೆ ಕೊಡುತ್ತಿದ್ದುವು. ಆದರೆ ಆ ಎರಡು ತಂತಿಗಳೂ ನೆಲದಡಿಯ ಒಂದೇ ಕೊಳವೆಯಲ್ಲಿ ಸಾಗಿ ಗೋಪುರಗಳ ಪಕ್ಕದ ಒಂದೇ ಕಟ್ಟಡವನ್ನು ಹಾದುಹೋಗುತ್ತಿದ್ದುವು. ಆ ಕಟ್ಟಡ ಜಖಂಗೊಂಡಾಗ ಎರಡೂ ಒಟ್ಟಿಗೇ ಮೂಕವಾದುವು. ಹಸುವನ್ನು ಎರಡು ಹಗ್ಗಗಳಿಂದ ಕಟ್ಟಿದ ಒಡೆಯ ನಿಶ್ಚಿಂತನಾಗಿದ್ದ. ಗೂಟ ಒಂದೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಒಂದು ಬ್ಯಾಂಕು ಸಲ್ಲಿಸಬೇಕಾದ ಹಣವನ್ನು ಸಲ್ಲಿಸದಿದ್ದರೆ, ಆ ಹಣವನ್ನೇ ನಂಬಿದ ಇನ್ನೊಂದು ಬ್ಯಾಂಕೂ ಮುಗ್ಗರಿಸುತ್ತದೆ. ಅದನ್ನು ನಂಬಿದ ಮೂರನೆಯದೂ ಮುಗ್ಗರಿಸುತ್ತದೆ. ಅಂದು ಅಮೆರಿಕದ ಕೇಂದ್ರ ಬ್ಯಾಂಕು ಎರಡೇ ಮಾತುಗಳ ಪ್ರಕಟಣೆಯನ್ನು ಹೊರಡಿಸಿತು: ತಾನು ತೆರೆದಿದ್ದೇನೆ, ಅಗತ್ಯವಿದ್ದವರಿಗೆ ಸಾಲ ದೊರೆಯುತ್ತದೆ ಎಂಬುದು ಅದರ ಅರ್ಥ. ಮರುದಿನ ಅದು ಬ್ಯಾಂಕುಗಳಿಗೆ ಕೊಟ್ಟ ಸಾಲ ಸುಮಾರು 4,500 ಕೋಟಿ ಡಾಲರುಗಳನ್ನು ಮುಟ್ಟಿತು. ಪೀಪಾಯಿಯ ಮೇಲೆ ಹಲಗೆ ಹಾಸಿದ ತರಕಾರಿ ವ್ಯಾಪಾರಿ ಹೇಳಿದ್ದೂ ಇದೇ ಮಾತನ್ನಲ್ಲವೆ?

ಎರಡನೆಯ ಪ್ರತಿ ಇಲ್ಲದ ವಸ್ತು

ಉತ್ತರದ ಗೋಪುರದ ತುದಿಯ ಅಂತಸ್ತುಗಳಲ್ಲಿ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಸಂಸ್ಥೆಯ ಕಚೇರಿಯಿತ್ತು. ಸರ್ಕಾರದ ಸಾಲಪತ್ರಗಳ ಕ್ರಯವಿಕ್ರಯ ಅದರ ವ್ಯವಹಾರ. ವಿಮಾನ ಅದರ ಕೆಳಗಿನ ಅಂತಸ್ತುಗಳಿಗೆ ಬಡಿಯಿತು. ಇಳಿಯುವ ದಾರಿಗಳೆಲ್ಲ ಮುಚ್ಚಿಹೋದುವು. ಆ ಬೆಳಿಗ್ಗೆ ಕಚೇರಿಯಲ್ಲಿದ್ದ ಅದರ 658 ನೌಕರರಲ್ಲಿ ಒಬ್ಬರೂ ಉಳಿಯಲಿಲ್ಲ. ಮುಖ್ಯಸ್ಥ ಹೊವರ್ಡ್ ಲಟ್ನಿಕ್ ಮಗನನ್ನು ಶಿಶುವಿಹಾರಕ್ಕೆ ಮೊದಲ ದಿನ ಬಿಡಲು ಹೋಗಿದ್ದುದರಿಂದ ಬದುಕಿದರು. ಅವರ ತಮ್ಮ ಅಲ್ಲಿಯೇ ಅಳಿದರು.

ಆದರೂ ಸಂಸ್ಥೆಯ ಲೆಕ್ಕ ಉಳಿದಿತ್ತು. ನದಿಯಾಚೆಯ ನ್ಯೂಜೆರ್ಸಿಯಲ್ಲಿ ಅದರ ಎರಡನೆಯ ಕೇಂದ್ರವಿತ್ತು. ಲಂಡನ್ನಿನಲ್ಲಿ ಅದರ ಇನ್ನೊಂದು ಕಚೇರಿಯಿತ್ತು. ಎರಡೇ ದಿನಗಳಲ್ಲಿ, 13ರಂದು ಸಾಲಪತ್ರಗಳ ಪೇಟೆ ತೆರೆದಾಗ, ಅದರ ಯಂತ್ರಗಳು ವ್ಯವಹಾರಕ್ಕೆ ಸಿದ್ಧವಾಗಿದ್ದುವು. ಬದುಕುಳಿದವರು ಅತ್ತುಕೊಂಡೇ ದುಡಿದರು. ಮುಂದಿನ ಐದು ವರ್ಷಗಳ ಲಾಭದ ನಾಲ್ಕನೆಯ ಒಂದು ಪಾಲನ್ನು ಅಳಿದವರ ಕುಟುಂಬಗಳಿಗೆ ಕೊಡುವುದಾಗಿ ಸಂಸ್ಥೆ ವಚನವಿತ್ತಿತು. ಸಂಸ್ಥೆ ಮುಳುಗಿಹೋಗಿದ್ದರೆ ಆ ವಿಧವೆಯರಿಗೂ ಮಕ್ಕಳಿಗೂ ಆ ಆಸರೆಯೂ ಇರುತ್ತಿರಲಿಲ್ಲ. ಲೆಕ್ಕದ ಎರಡನೆಯ ಪ್ರತಿ ಎಂಬ ಒಣ ಮಾತಿಗೆ ಇಂಥ ಅರ್ಥವೂ ಉಂಟು.

ಆದರೆ ಮನುಷ್ಯರಿಗೆ ಎರಡನೆಯ ಪ್ರತಿ ಇಲ್ಲ. ಇದನ್ನು ಚೆನ್ನಾಗಿ ಬಲ್ಲ ಒಬ್ಬರು ದಕ್ಷಿಣದ ಗೋಪುರದಲ್ಲಿದ್ದರು. ಅವರು ರಿಕ್ ರೆಸ್ಕೋರ್ಲಾ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಹುಟ್ಟಿ, ಅಮೆರಿಕದ ಸೈನ್ಯದಲ್ಲಿ ವಿಯೆಟ್ನಾಮ್ ಯುದ್ಧವನ್ನು ಕಂಡವರು. ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯ ರಕ್ಷಣಾಧಿಕಾರಿ. ಗೋಪುರದ ನೆಲಮಾಳಿಗೆಯ ವಾಹನ ನಿಲ್ದಾಣಕ್ಕೆ ಕಾವಲು ಸಾಲದೆಂದು ಅವರು ಮೊದಲೇ ಎಚ್ಚರಿಸಿದ್ದರು. 1993ರ ಫೆಬ್ರವರಿ 26ರಂದು ಬಾಂಬು ಸಿಡಿದುದು ಅಲ್ಲಿಯೇ. ಆ ಬಳಿಕ ಅವರು ಇಡೀ ಸಂಸ್ಥೆಯನ್ನು ಮತ್ತೆ ಮತ್ತೆ ಮೆಟ್ಟಲಿಳಿಸಿ ಅಭ್ಯಾಸ ಮಾಡಿಸತೊಡಗಿದರು. ಕೋಟ್ಯಂತರ ಡಾಲರುಗಳ ವ್ಯವಹಾರ ನಡೆಸುವ ಅಧಿಕಾರಿಗಳಿಗೆ ಇದು ದೊಡ್ಡ ಕಿರಿಕಿರಿ. ಟೆಲಿಫೋನನ್ನು ಕೆಳಗಿಟ್ಟು, ಇಬ್ಬಿಬ್ಬರಾಗಿ ಸಾಲುಗಟ್ಟಿ ಅಷ್ಟು ಅಂತಸ್ತುಗಳನ್ನು ಇಳಿಯಬೇಕು. ಕೆಲವರು ಗೊಣಗಿದರು, ಕೆಲವರು ನಕ್ಕರು. ಅವರು ಅಭ್ಯಾಸವನ್ನು ನಿಲ್ಲಿಸಲಿಲ್ಲ.

ಆ ದಿನ ಪಕ್ಕದ ಗೋಪುರ ಉರಿಯತೊಡಗಿದಾಗ, ದಕ್ಷಿಣದ ಗೋಪುರ ಕ್ಷೇಮವಾಗಿದೆ, ಎಲ್ಲರೂ ತಮ್ಮ ಸ್ಥಳಗಳಲ್ಲೇ ಇರಬಹುದು ಎಂದು ಧ್ವನಿವರ್ಧಕದಲ್ಲಿ ಸಾರಲಾಯಿತು. ರೆಸ್ಕೋರ್ಲಾ ಅದನ್ನು ಲೆಕ್ಕಿಸದೆ, ಕೈಯಲ್ಲಿ ಮೆಗಾಫೋನು ಹಿಡಿದು, ಇಳಿಯಿರಿ ಎಂದು ಆಜ್ಞೆ ಮಾಡಿದರು. ಯಾರೂ ದಾರಿ ಕೇಳಬೇಕಾಗಿರಲಿಲ್ಲ. ಕಾಲುಗಳಿಗೆ ದಾರಿ ಗೊತ್ತಿತ್ತು. ಎರಡನೆಯ ವಿಮಾನ ಅವರ ಗೋಪುರಕ್ಕೇ ಬಡಿದಾಗ ಮೆಟ್ಟಲುಗಳ ಮೇಲಿದ್ದವರ ಧೈರ್ಯ ಕುಸಿಯದಂತೆ ಅವರು ತಮ್ಮ ನಾಡಿನ ಹಾಡುಗಳನ್ನು ಹಾಡಿದರು. ಸಂಸ್ಥೆಯ ಸುಮಾರು 2,700 ನೌಕರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕಿದರು. ಹಿಂದೆ ಉಳಿದವರನ್ನು ಹುಡುಕಲು ಅವರು ಮತ್ತೆ ಮೇಲೇರಿದರು. ಆಗಲೇ ಗೋಪುರ ಕುಸಿಯಿತು. ಅವರ ದೇಹವೂ ದೊರೆಯಲಿಲ್ಲ.

ಶನಿವಾರದ ಪರೀಕ್ಷೆ

ಭಾರತಕ್ಕೂ ಈ ವಿಷಯದ ಬಿಸಿ ತಟ್ಟದಿರಲಿಲ್ಲ. 2021ರ ಫೆಬ್ರವರಿ 24ರಂದು ಮುಂಬಯಿಯ ರಾಷ್ಟ್ರೀಯ ಷೇರು ಪೇಟೆಯ ವ್ಯವಹಾರ ಹಗಲು 11 ಗಂಟೆ 40 ನಿಮಿಷಕ್ಕೆ ನಿಂತುಹೋಯಿತು. ಭೂಮಿ ನಡುಗಿರಲಿಲ್ಲ, ಬೆಂಕಿಯೂ ಬಿದ್ದಿರಲಿಲ್ಲ. ಸಂಪರ್ಕದ ತಂತಿಗಳಲ್ಲಿ ಹುಟ್ಟಿದ ದೋಷ ಯಂತ್ರಗಳಿಗೆ ಹರಡಿತ್ತು. ಎರಡನೆಯ ಕೇಂದ್ರವೊಂದು ದೂರದಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ವ್ಯವಹಾರವನ್ನು ಅಲ್ಲಿಗೆ ಸಾಗಿಸಲಿಲ್ಲ. ಕೊನೆಗೆ ಮಧ್ಯಾಹ್ನ 3 ಗಂಟೆ 45 ನಿಮಿಷಕ್ಕೆ ಪೇಟೆ ಮತ್ತೆ ತೆರೆದು ಸಂಜೆ 5ರವರೆಗೆ ನಡೆಯಿತು. ನಡುವಣ ನಾಲ್ಕು ಗಂಟೆಗಳ ಕಾಲ ಕೊಂಡವರೂ ಮಾರಿದವರೂ ಅತಂತ್ರರಾಗಿ ಕುಳಿತಿದ್ದರು.

ಮರು ತಿಂಗಳೇ ಪೇಟೆಗಳ ನಿಯಂತ್ರಕ ಸಂಸ್ಥೆಯಾದ ಸೆಬಿ ಕಟ್ಟುನಿಟ್ಟಿನ ನಿಯಮವನ್ನು ತಂದಿತು. ಮುಖ್ಯ ವ್ಯವಸ್ಥೆ ಕೆಟ್ಟ 30 ನಿಮಿಷಗಳೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು; ಘೋಷಿಸಿದ 45 ನಿಮಿಷಗಳೊಳಗೆ ಎರಡನೆಯ ಕೇಂದ್ರದಿಂದ ಕೆಲಸ ತೊಡಗಬೇಕು. ಮೊದಲನೆಯ ಗಡುವಿನ ಮರ್ಮವನ್ನು ಗಮನಿಸಬೇಕು. ಇದೀಗ ಸರಿಹೋದೀತು, ಇನ್ನು ಸ್ವಲ್ಪ ಹೊತ್ತು ನೋಡೋಣ ಎನ್ನುವುದು ಮನುಷ್ಯ ಸ್ವಭಾವ. ಯಂತ್ರ ಕೆಟ್ಟುದಕ್ಕಿಂತ ಹೆಚ್ಚಿನ ಕಾಲ ಈ ಅನುಮಾನದಲ್ಲೇ ಕಳೆದುಹೋಗುತ್ತದೆ. ನಿಯಮ ಆ ಅನುಮಾನಕ್ಕೆ ಅರ್ಧ ಗಂಟೆಯ ಅವಧಿ ಕೊಟ್ಟಿತು.

2024ರ ಮಾರ್ಚ್ 2 ಶನಿವಾರ. ಷೇರು ಪೇಟೆಗೆ ರಜೆಯ ದಿನ. ಅಂದು ಪೇಟೆಯನ್ನು ಬೇಕೆಂದೇ ತೆರೆದು, ಮೊದಲ ಅವಧಿಯ ವ್ಯವಹಾರವನ್ನು ಮುಖ್ಯ ಕೇಂದ್ರದಿಂದಲೂ ಎರಡನೆಯ ಅವಧಿಯದನ್ನು ದೂರದ ಕೇಂದ್ರದಿಂದಲೂ ನಡೆಸಿದರು. ನಿಜವಾದ ಹಣ, ನಿಜವಾದ ಗಿರಾಕಿಗಳು. ಮೇ 18ರ ಶನಿವಾರ ಮತ್ತೊಮ್ಮೆ ಹಾಗೆಯೇ ಮಾಡಿದರು. ರಜೆಯ ದಿನ ಇದೇನು ತೊಂದರೆ ಎಂದು ಗೊಣಗಿದವರು ಇರಲಾರದೆ ಇರಲಿಲ್ಲ. ಮೆಟ್ಟಲಿಳಿಯುವಾಗ ನ್ಯೂಯಾರ್ಕಿನ ಅಧಿಕಾರಿಗಳೂ ಗೊಣಗಿದ್ದರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಗಾದೆಯನ್ನು ಎಲ್ಲರೂ ಬಲ್ಲರು. ಬಾವಿ ಮೊದಲೇ ಇದ್ದು, ಹಗ್ಗ ಗೆದ್ದಲು ಹಿಡಿದಿದ್ದರೆ? ನೀರು ಸೇದಿ ರೂಢಿಯಿದ್ದವರು ಮನೆಯಲ್ಲಿ ಒಬ್ಬರೂ ಇಲ್ಲದಿದ್ದರೆ? ಬಹುಪಾಲು ಸಂಸ್ಥೆಗಳಲ್ಲಿ ವಿಪತ್ತಿನ ಯೋಜನೆ ಎಂಬುದು ರಟ್ಟು ಹಾಕಿಸಿ ಬೀರುವಿನಲ್ಲಿಟ್ಟ ಒಂದು ಪುಸ್ತಕ. ಅದು ಇದೆಯೋ ಇಲ್ಲವೋ ಎಂದು ಕೇಳುವುದರಿಂದ ಹೆಚ್ಚೇನೂ ತಿಳಿಯದು. ತನ್ನ ಉಳಿತಾಯವನ್ನು ಒಂದು ಸಂಸ್ಥೆಗೆ ಒಪ್ಪಿಸುವ ಗೃಹಸ್ಥನಾಗಲಿ, ತನ್ನ ಮಗನನ್ನೋ ಮಗಳನ್ನೋ ಎತ್ತರದ ಕಚೇರಿಯೊಂದಕ್ಕೆ ಕೆಲಸಕ್ಕೆ ಕಳುಹಿಸುವ ತಾಯಿಯಾಗಲಿ ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿಯವರು ಕೊನೆಯ ಸಲ ಮೆಟ್ಟಲಿಳಿದು ನೋಡಿದ್ದು ಯಾವಾಗ?