ಕಲೆಗೂ ಬಡ್ಡಿ ಬೆಳೆಯುತ್ತದೆ

ಬೆಡ್‌ಶೀಟು ಒಗೆಯಬಹುದು, ದಿಂಬಿನ ಗವಸು ಒಗೆಯಬಹುದು, ರಗ್ಗನ್ನೂ ಹೇಗೋ ವಾಷಿಂಗ್ ಮೆಷಿನ್ನಿಗೆ ತುರುಕಬಹುದು. ಹಾಸಿಗೆಯನ್ನು ಮಾತ್ರ ಒಗೆಯಲಾಗುವುದಿಲ್ಲ. ಅದಕ್ಕೇ ಅದರ ಮೇಲೆ ಏನಾದರೂ ಬಿದ್ದರೆ ಮನೆಯಲ್ಲಿ ಅಷ್ಟು ಗಾಬರಿ. ಒಬ್ಬರು ಬಿಸಿನೀರು ತರುತ್ತಾರೆ, ಇನ್ನೊಬ್ಬರು ಸೋಪು ಹಾಕಿ ಗಸಗಸ ಉಜ್ಜುತ್ತಾರೆ, ಮತ್ತೊಬ್ಬರು ಯಾರು ಚೆಲ್ಲಿದ್ದು ಅಂತ ವಿಚಾರಣೆ ಶುರುಮಾಡುತ್ತಾರೆ. ಈ ಮೂರರಿಂದಲೂ ಕಲೆ ಗಟ್ಟಿಯಾಗುತ್ತದೆ. ಬಿಸಿನೀರು, ಸೋಪಿನ ಕಥೆ ಆಮೇಲೆ ಹೇಳುತ್ತೇನೆ. ವಿಚಾರಣೆಯಿಂದ ಹೇಗೆ ಅಂದರೆ, ಒಂದು ಸಲ ಬೈಸಿಕೊಂಡ ಮಗು ಮುಂದಿನ ಸಲ ಬಾಯಿಯೇ ಬಿಡುವುದಿಲ್ಲ. ಚೆಲ್ಲಿದ ಜಾಗದ ಮೇಲೆ ಹೊದಿಕೆ ಎಳೆದು ಶಾಲೆಗೆ ಹೊರಟುಬಿಡುತ್ತದೆ. ಸಂಜೆ ಅಜ್ಜಿಯ ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ಎಂಟು ಹತ್ತು ಗಂಟೆ ಕಳೆದಿರುತ್ತದೆ.

ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕಿಯೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಸಾಲದ ಬಡ್ಡಿ ದಿನದ ಲೆಕ್ಕದಲ್ಲಿ ಏರಿದರೆ ಕಲೆಯ ಬಡ್ಡಿ ನಿಮಿಷದ ಲೆಕ್ಕದಲ್ಲಿ ಏರುತ್ತದೆ. ಮೊದಲ ಐದು ನಿಮಿಷದಲ್ಲಿ ಒಂದು ಒಣ ಟವೆಲ್ಲಿನಿಂದ ತೀರುವ ಬಾಕಿ ಮರುದಿನಕ್ಕೆ ಸೋಡ, ವಿನೆಗರ್ ಎಲ್ಲ ಕೇಳುತ್ತದೆ.

ಆದ್ದರಿಂದ ಮೊದಲು ಟವೆಲ್. ಒಣಗಿದ ದಪ್ಪ ಹತ್ತಿ ಟವೆಲ್ಲನ್ನು ಒದ್ದೆಯ ಮೇಲಿಟ್ಟು ಅಂಗೈಯಿಂದ ಒತ್ತಿ. ಉಜ್ಜಬೇಡಿ. ಉಜ್ಜಿದರೆ ಕಲೆ ನೂಲಿನ ಒಳಕ್ಕೆ ಇಳಿಯುತ್ತದೆ, ಬಟ್ಟೆಯ ಮೇಲೆ ಜುಂಗು ಏಳುತ್ತದೆ. ಟವೆಲ್ ಒದ್ದೆಯಾದರೆ ಮಡಿಕೆ ಬದಲಾಯಿಸಿ ಮತ್ತೆ ಒತ್ತಿ. ಯಾವಾಗಲೂ ಅಂಚಿನಿಂದ ನಡುವಿಗೆ ಬನ್ನಿ; ನಡುವಿನಿಂದ ಹೊರಟರೆ ಅಂಗೈಯಗಲದ ಕಲೆ ತಟ್ಟೆಯಗಲ ಆಗುತ್ತದೆ.

ಎರಡನೆಯದು, ನೀರು ಸುರಿಯಬಾರದು. ಮೇಲಿನ ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತದೆ, ಒಳಗಿನ ಹತ್ತಿ ನಾಲ್ಕು ದಿನವಾದರೂ ಒಣಗುವುದಿಲ್ಲ. ಆಮೇಲೆ ಬೂಷ್ಟು, ಮುಗ್ಗಲು ವಾಸನೆ. ನೀರಿಗೆ ಬದಲು ನೊರೆಯನ್ನು ಬಳಸಿ. ಒಂದು ಬಟ್ಟಲು ನೀರಿಗೆ ಒಂದು ಚಮಚ ಬಟ್ಟೆ ಒಗೆಯುವ ದ್ರವ ಹಾಕಿ ಕಡಗೋಲಿನಿಂದ ಮಜ್ಜಿಗೆಯ ಹಾಗೆ ಕಡೆಯಿರಿ. ಈ ಕೆಲಸ ಮಕ್ಕಳಿಗೆ ಕೊಡಿ, ಜಗಳವಾಡಿಕೊಂಡು ಮಾಡುತ್ತಾರೆ. (ಕಡಗೋಲನ್ನು ಆಮೇಲೆ ಚೆನ್ನಾಗಿ ತೊಳೆದಿಡಿ, ಇಲ್ಲದಿದ್ದರೆ ಅಜ್ಜಿಯ ಮಂಗಳಾರತಿ ನಿಮಗೆ.) ಮೇಲೆ ಎದ್ದ ನೊರೆಯನ್ನಷ್ಟೇ ಸ್ಪಂಜಿನಲ್ಲಿ ತೆಗೆದು ಕಲೆಯ ಮೇಲೆ ತಟ್ಟಿ, ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಟವೆಲ್ಲಿನಿಂದ ಒತ್ತಿ. ಒರೆಸುವುದಕ್ಕೆ ಬೋರ್‌ವೆಲ್ ನೀರಿಗಿಂತ ಕಾವೇರಿ ನೀರು ವಾಸಿ. ಗಡಸು ನೀರು ಒಣಗಿದಲ್ಲಿ ಬಿಳಿ ಗೆರೆ ಉಳಿದು, ಹಳೆ ಕಲೆ ಹೋಗಿ ಹೊಸದು ಬಂದಂತಾಗುತ್ತದೆ. ಏನನ್ನೇ ಹಾಕುವುದಿದ್ದರೂ ಮೊದಲು ಹಾಸಿಗೆಯ ಅಡಿಭಾಗದ ಮೂಲೆಯಲ್ಲಿ ಒಂದು ತೊಟ್ಟು ಹಾಕಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಈಗ ಬಿಸಿನೀರಿನ ಕಥೆ. ರಕ್ತ, ಹಾಲು, ಮೊಟ್ಟೆ ಇವುಗಳಲ್ಲಿ ಪ್ರೋಟೀನ್ ಇದೆ. ಮೊಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಬಟ್ಟೆಯ ಮೇಲೂ ಅದೇ ಆಗುವುದು, ಪ್ರೋಟೀನ್ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಮೂಗಿನಿಂದ ರಕ್ತ ಬಂದು ಹಾಸಿಗೆಗೆ ಬಿದ್ದರೆ ಚಿಟಿಕೆ ಉಪ್ಪು ಹಾಕಿದ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒತ್ತಿ. ಒಣಗಿದ ರಕ್ತಕ್ಕೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಬಾಟಲಿಯ ಮೇಲೆ 6 ಪರ್ಸೆಂಟ್ ಅಂತಿದ್ದರೆ ಅಷ್ಟೇ ನೀರು ಬೆರೆಸಿ 3ಕ್ಕೆ ಇಳಿಸಿಕೊಳ್ಳಿ. ಬುರಬುರ ನೊರೆ ಬರುತ್ತದೆ. ರಕ್ತದಲ್ಲಿರುವ ಒಂದು ಕಿಣ್ವ ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಬಿಡಿಸುವುದೇ ಆ ನೊರೆ. ಇದು ಬಣ್ಣವನ್ನೂ ತೆಗೆಯುವ ವಸ್ತು, ಬಿಳಿ ಬಟ್ಟೆಗೆ ಮಾತ್ರ ಇರಲಿ. ಕೆಲಸ ದೊಡ್ಡವರದು.

ಸೋಪಿನ ಕಥೆ ಅರಿಶಿನದ್ದು. ಸಾಂಬಾರು ಚೆಲ್ಲಿದ ಕಡೆ ಸೋಪು ಹಚ್ಚಿದರೆ ಹಳದಿ ಹೋಗಿ ಕೆಂಪು ಬರುತ್ತದೆ, ಮನೆಯವರು ಬೆಚ್ಚಿಬೀಳುತ್ತಾರೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಮಕ್ಕಳೇ, ಏಳನೇ ತರಗತಿಯಲ್ಲಿ ಅರಿಶಿನದ ಕಾಗದ ಮಾಡಿ ಪ್ರತ್ಯಾಮ್ಲ ಪತ್ತೆಹಚ್ಚುತ್ತೀರಲ್ಲ, ಅದೇ ಪಾಠ ಇಲ್ಲಿ ಹಾಸಿಗೆಯ ಮೇಲೆ. ಅಂಥಾ ಕಡೆ ನೀರು ಬೆರೆಸಿದ ವಿನೆಗರ್ ತಟ್ಟಿದರೆ ಕೆಂಪು ಇಳಿದು ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಬೆಳಕಿಗೆ ಅರಿಶಿನದ ಬಣ್ಣ ನಿಲ್ಲುವುದಿಲ್ಲ.

ತಲೆಗೆ ಹಚ್ಚಿದ ಎಣ್ಣೆಗೆ ಟಾಲ್ಕಂ ಪೌಡರ್ ಉದುರಿಸಿ ಒಂದೆರಡು ಗಂಟೆ ಬಿಟ್ಟು ಕೊಡವಿ, ಆಮೇಲೆ ನೊರೆ. ಬಾಲ್‌ಪೆನ್ ಗೀಚಿದ್ದಕ್ಕೆ ಹತ್ತಿಯುಂಡೆಯಲ್ಲಿ ಸ್ಪಿರಿಟ್ ತೆಗೆದುಕೊಂಡು ತಟ್ಟಿ ತೆಗೆಯಿರಿ; ಹತ್ತಿರ ದೀಪ, ಬೆಂಕಿ ಇರಬಾರದು. ಕಾಫಿಗೆ ತಣ್ಣೀರು, ನೊರೆ ಸಾಕು.

ಇನ್ನು ಎಲ್ಲ ಮನೆಯಲ್ಲೂ ಇರುವ, ಯಾರೂ ಬಾಯಿಬಿಟ್ಟು ಕೇಳದ ಕಲೆಗೆ ಬರೋಣ. ರಾತ್ರಿ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುವುದು.

ಐದು ವರ್ಷದ ನೂರು ಮಕ್ಕಳನ್ನು ತೆಗೆದುಕೊಂಡರೆ ಸುಮಾರು 15 ಮಕ್ಕಳಿಗೆ ಇದು ಇರುತ್ತದೆ. ವರ್ಷ ಕಳೆದಂತೆ ತಾನಾಗಿ ಕಡಿಮೆಯಾಗುತ್ತಾ ಬಂದರೂ ಏಳೆಂಟು ವರ್ಷದವರಲ್ಲೂ ಕೆಲವರಿಗೆ ಉಳಿದಿರುತ್ತದೆ. ಸೋಮಾರಿತನವಲ್ಲ, ಹಟವೂ ಅಲ್ಲ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವ ಹಾರ್ಮೋನು ಕೆಲವರಲ್ಲಿ ಇನ್ನೂ ಸಾಕಷ್ಟು ಬರುತ್ತಿರುವುದಿಲ್ಲ. ಕೆಲವರಲ್ಲಿ ಮೂತ್ರಕೋಶ ತುಂಬಿದ ಸುದ್ದಿ ಗಾಢ ನಿದ್ದೆಯಲ್ಲಿರುವ ಮಿದುಳಿಗೆ ತಲುಪುವುದಿಲ್ಲ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಆ ಹಳೆಯ ಲೆಡ್ಜರ್ ಇರುವುದು ಅಜ್ಜಿಯ ಹತ್ತಿರ. ಗದರುತ್ತಿರುವ ಅಪ್ಪನ ಮುಂದೆ ಅವರು ಅದನ್ನು ಮೆಲ್ಲಗೆ ತೆರೆದರೆ ಸಾಕು, ಗದರಿಕೆ ತಾನಾಗಿ ನಿಲ್ಲುತ್ತದೆ. ಆರು ತಿಂಗಳಿಗೂ ಹೆಚ್ಚು ಕಾಲ ಸರಿಯಾಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಶುರುಮಾಡಿದರೆ, ಉರಿಯುತ್ತದೆ ಅಂದರೆ, ಬಹಳ ಬಾಯಾರಿಕೆ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಉಳಿದಂತೆ ಬೇಕಾಗಿರುವುದು ಒಂದೇ: ರಾತ್ರಿ ಎರಡು ಗಂಟೆಗೆ ಎಬ್ಬಿಸಿ "ತಾತ, ಒದ್ದೆಯಾಯ್ತು" ಅಂತ ಹೇಳಲು ಮಗುವಿಗೆ ಹೆದರಿಕೆ ಇರಬಾರದು.

ನನ್ನ ವಯಸ್ಸಿನವರಿಗೂ ಈ ಕಷ್ಟ ಬರುತ್ತದೆ. ಪ್ರಾಸ್ಟೇಟ್, ಸಕ್ಕರೆ ಕಾಯಿಲೆ, ಬಿಪಿಗೆ ಕೊಡುವ ನೀರಿನ ಮಾತ್ರೆ, ಕಾರಣ ಬೇಕಾದಷ್ಟಿವೆ. ಬಹಳಷ್ಟಕ್ಕೆ ಚಿಕಿತ್ಸೆಯೂ ಇದೆ. ಬೆಳಗ್ಗೆ ಯಡಿಯೂರು ಕೆರೆ ಸುತ್ತುವಾಗ ನಾವು ಮಂಡಿನೋವು, ಕಣ್ಣಿನ ಪೊರೆ, ಪೆನ್ಷನ್ನು ಎಲ್ಲವನ್ನೂ ಮಾತಾಡುತ್ತೇವೆ. ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮಕ್ಕಳೇ, ನಿಮ್ಮ ತಾತ ಎಲ್ಲರಿಗಿಂತ ಮೊದಲೆದ್ದು ಒಬ್ಬರೇ ಹಾಸಿಗೆ ಮಗುಚಲು ಒದ್ದಾಡುತ್ತಿದ್ದರೆ ಪತ್ತೇದಾರಿಕೆ ಮಾಡಬೇಡಿ. ಇನ್ನೊಂದು ತುದಿ ಹಿಡಿದುಕೊಳ್ಳಿ.

ಮಾಡಬೇಕಾದ್ದು ಇಷ್ಟು. ಟವೆಲ್ ಹಾಸಿ, ಮಗುವೇ ಅದರ ಮೇಲೆ ನಿಂತು ತುಳಿಯಲಿ; ಅಂಗೈಗಿಂತ ಚೆನ್ನಾಗಿ ಹೀರುತ್ತದೆ. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತೆಳುವಾಗಿ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒತ್ತಿ. ಆಮೇಲೆ ನೊರೆ, ಒರೆಸುವುದು, ಮತ್ತೆ ಒತ್ತುವುದು. ಕೊನೆಗೆ ಅಡುಗೆ ಸೋಡವನ್ನು ರಂಗೋಲಿ ಪುಡಿಯ ಹಾಗೆ ಧಾರಾಳವಾಗಿ ಉದುರಿಸಿ ಏಳೆಂಟು ಗಂಟೆ ಬಿಟ್ಟು ಬ್ರಷ್ಷಿನಿಂದ ಗುಡಿಸಿ. ಸೋಡ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ನೊರೆ ಭರ್ಜರಿಯಾಗಿ ಉಕ್ಕುತ್ತದೆ, ಆದರೆ ಡೆಬಿಟ್ಟು ಕ್ರೆಡಿಟ್ಟು ವಜಾ ಆಗಿ ಬಾಕಿ ಸೊನ್ನೆ. ಹಳೆಯ ಮೂತ್ರದ ಕಲೆಯಲ್ಲಿ ಯೂರಿಕ್ ಆಮ್ಲದ ಹರಳು ಕೂತಿರುತ್ತದೆ. ಅದು ನೀರಿಗೆ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಮಳೆಗಾಲದಲ್ಲಿ ವಾಸನೆ ಮತ್ತೆ ಏಳುವುದು. ಕಿಣ್ವ ಇರುವ ಡಿಟರ್ಜೆಂಟಿನ ನೊರೆಯನ್ನು ಎರಡು ಮೂರು ಸಲ ಹಾಕಬೇಕಾದೀತು. ಬ್ಲೀಚಿಂಗ್ ದ್ರವ ಮಾತ್ರ ಬೇಡವೇ ಬೇಡ. ಮೂತ್ರದ ಅಮೋನಿಯಾ ಸೇರಿದರೂ, ವಿನೆಗರ್ ಸೇರಿದರೂ ಉಸಿರು ಕಟ್ಟಿಸುವ ವಿಷಾನಿಲ ಬರುತ್ತದೆ, ಬಟ್ಟೆಯೂ ಪಿಸಿಯುತ್ತದೆ.

ಒಣಗಿಸುವಾಗ ಹಾಸಿಗೆಯ ಜಾತಿ ನೋಡಿ. ಹತ್ತಿಯದಾದರೆ ಬಿಸಿಲೇ ಔಷಧ. ಟೆರೇಸಿನ ಪ್ಯಾರಪೆಟ್ಟಿಗೆ ಒರಗಿಸಿ, ಮಧ್ಯಾಹ್ನ ಮಗ್ಗುಲು ಬದಲಾಯಿಸಿ. ಫೋಮ್ ಉರಿಬಿಸಿಲಿಗೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ತೆಂಗಿನ ನಾರಿನ ಹಾಸಿಗೆಯಲ್ಲಿ ನಾರನ್ನು ಹಿಡಿದಿಡುವುದು ರಬ್ಬರು, ಅದೂ ಬಿಸಿಲಿಗೆ ಬಿರಿಯುತ್ತದೆ. ಇವೆರಡನ್ನೂ ನೆರಳಿನಲ್ಲಿ ನಿಲ್ಲಿಸಿ ಫ್ಯಾನ್ ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಟೆರೇಸಿಗೆ ಬೀಗ ಹಾಕಿದ್ದರೆ ಬೀಗದ ಕೈ ಕೇಳಿ ಪಡೆಯಿರಿ, ಕಾರಣ ಯಾರಿಗೂ ಹೇಳಬೇಕಿಲ್ಲ.

ಹತ್ತಿ ಒಳಗಿನವರೆಗೂ ನೆನೆದು ಗಂಟುಗಟ್ಟಿದ್ದರೆ ಮೇಲಿನಿಂದ ಏನು ಮಾಡಿದರೂ ಪ್ರಯೋಜನವಿಲ್ಲ. ಮೊದಲೆಲ್ಲ ಪಿಂಜಾರರು ದೊಡ್ಡ ಬಿಲ್ಲು ಹೆಗಲಿಗೇರಿಸಿಕೊಂಡು ಬೀದಿಗೇ ಬರುತ್ತಿದ್ದರು. ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮೋಡದ ಹಾಗೆ ಹಗುರ ಮಾಡಿ ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ನದಾಫರೆಂದೂ ಕರೆಯುವ ಆ ಜನರ ಕಸುಬನ್ನು ಈಗ ಬಹುಮಟ್ಟಿಗೆ ಯಂತ್ರ ಹಿಡಿದಿದೆ. ಹಾಸಿಗೆ ಅಂಗಡಿಗೆ ಕೊಟ್ಟರೆ ಹತ್ತಿ ಹಿಂಜಿಸಿ, ಹೊಸ ಗವಸು ಹಾಕಿಸಿಕೊಳ್ಳಬಹುದು. ಮನೆಗೆ ಬಂದ ಮೇಲೆ ಬೆಡ್‌ಶೀಟಿನ ಅಡಿಗೆ ಒಂದು ರಬ್ಬರ್ ಶೀಟು ಹಾಸಿ. ಮಗುವಿನ ಹಾಸಿಗೆಗೂ ಹಾಸಿ, ತಾತನ ಹಾಸಿಗೆಗೂ ಹಾಸಿ.