ಕಪ್ಪೆ ಚೆನ್ನಿಗರಾಯನೂ ಕಂಪ್ಯೂಟರ್ ಪರದೆಯೂ

ಕಳೆದ ದೀಪಾವಳಿಯ ಮರುದಿನ ಹಳೆಯ ಶಿಷ್ಯನೊಬ್ಬ ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹತ್ತನೆಯ ತರಗತಿಯಲ್ಲಿ ನಾನು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಬಿಡಿಸಿ ಕೂರುತ್ತಿದ್ದ ಹುಡುಗ. ಪತ್ನಿಯನ್ನೂ ಆರು ವರ್ಷದ ಮಗನನ್ನೂ ಕರೆತಂದಿದ್ದ. ಕಾಫಿ ಆರಿಹೋಗುವವರೆಗೂ ತನ್ನ ಹೊಸ ಪ್ರಾಜೆಕ್ಟಿನ ವಿಷಯವನ್ನೇ ಹೇಳಿದ. ಅದು ಕಛೇರಿಯ ಕೆಲಸವಲ್ಲ. ಹಳೆಯ ಅಚ್ಚಿನ ಕನ್ನಡ ಪುಸ್ತಕಗಳನ್ನು ಯಂತ್ರವೇ ಓದಿ ಪಠ್ಯವಾಗಿಸುವ ತಂತ್ರಾಂಶ. ರಾತ್ರಿ ಹತ್ತರ ನಂತರ ತಾನೊಬ್ಬನೇ ಕುಳಿತು ಕಟ್ಟುತ್ತಿರುವುದು. "ಒತ್ತಕ್ಷರದ ಹತ್ತಿರ ತಪ್ಪುತ್ತಿದೆ ಸಾರ್, ಅದೊಂದು ಸರಿಹೋದರೆ ಆಯಿತು" ಎಂದಾಗ ಅವನ ಕಣ್ಣಿನಲ್ಲಿ ಹಳೆಯ ಹೊಳಪೇ ಇತ್ತು. ಪಕ್ಕದಲ್ಲಿದ್ದ ಆ ಹೆಣ್ಣುಮಗಳು ಮೆಲ್ಲಗೆ, "ಎರಡು ವರ್ಷದಿಂದ ಅದೊಂದೇ ಬಾಕಿ ಇದೆ ಸಾರ್" ಎಂದಳು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

ದುಡಿಮೆಯ ಗಂಟೆಗಳ ಬಗ್ಗೆ ಈಚಿನ ವರ್ಷಗಳಲ್ಲಿ ಬಹಳ ಚರ್ಚೆಯಾಗಿದೆ. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು (ಅವರೂ ಒಬ್ಬ ಮೇಷ್ಟರ ಮಗನೇ) ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿಯೇ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾಪ ಬಂದು, ನೌಕರರ ಸಂಘಟನೆ ಅದನ್ನು ಬಲವಾಗಿ ವಿರೋಧಿಸಿತು. ವಿರೋಧಿಸಿದ್ದು ನ್ಯಾಯವೇ. ಆದರೆ ನನ್ನ ಶಿಷ್ಯನ ಕಾಯಿಲೆಗೆ ಆ ಮದ್ದು ನಾಟದು. ಅವನನ್ನು ಯಾರೂ ದುಡಿಸುತ್ತಿಲ್ಲ. ಒಲ್ಲದ ಕೆಲಸಕ್ಕೆ ಕಾಯಿದೆ ಮಿತಿ ಹಾಕಬಲ್ಲುದು. ಒಲಿದ ಕೆಲಸಕ್ಕೆ ಮಿತಿ ಹಾಕುವವರು ಯಾರು?

ಅಂತಹ ಕೆಲಸವನ್ನು ಹಗುರವಾಗಿ ಕಾಣುವವನು ನಾನಲ್ಲ. ಈ ಸಾಲುಗಳನ್ನು ಟೈಪಿಸುತ್ತಿರುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟದ್ದು. ನಮ್ಮಂಥವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಧೈರ್ಯಮಾಡಿದ್ದು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ಮೊದಲಾದವುಗಳಿಂದ. ಹುಚ್ಚಿಲ್ಲದೆ ಇವು ಆಗುವುದಿಲ್ಲವೆಂದು ಬಲ್ಲೆ.

ಅಲ್ಲದೆ ಉಪದೇಶಿಸುವ ಅಧಿಕಾರವೂ ನನಗೆ ಕಡಿಮೆ. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಬೆಳಗ್ಗೆ ಏಳಕ್ಕೊಂದು, ಸಂಜೆ ಐದಕ್ಕೊಂದು ವಿಶೇಷ ತರಗತಿ ನಡೆಸುತ್ತಿದ್ದೆ. ಯಾರೂ ಹೇಳಿದ್ದಲ್ಲ, ಫಲಿತಾಂಶದ ದಿನದ ಆ ಸಂಭ್ರಮ ನನಗೆ ಬೇಕಾಗಿತ್ತು. ನಾನು ಹೊರಡುವಾಗ ಮಗಳು ಮಲಗಿರುತ್ತಿದ್ದಳು. ರಾತ್ರಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವ ಹೊತ್ತಿಗೂ ಮಲಗಿರುತ್ತಿದ್ದಳು. ನಾಲ್ಕನೆಯ ತರಗತಿಯಲ್ಲಿ ಅವಳು ಭಿನ್ನರಾಶಿಯಲ್ಲಿ ಸೋತಳು. ಊರಿನ ಮಕ್ಕಳಿಗೆಲ್ಲ ಗಣಿತ ಹೇಳಿದವನ ಮಗಳಿಗೆ ಪಕ್ಕದ ಮನೆಯ ಕಾಲೇಜು ಹುಡುಗಿ ಲೆಕ್ಕ ಹೇಳಿಕೊಟ್ಟಳು. ಇದನ್ನು ನನ್ನ ಮನೆಯಾಕೆ ಹೇಳಿದ್ದು ನಾನು ನಿವೃತ್ತನಾದ ಮೇಲೆ, ಅದೂ ಬೈಯುವ ದನಿಯಲ್ಲಲ್ಲ.

ಬೇಲೂರಿಗೆ ಶಾಲಾ ಪ್ರವಾಸ ಹೋದಾಗಲೆಲ್ಲ ಮಕ್ಕಳಿಗೆ ಜಕಣಾಚಾರಿಯ ಕತೆ ಹೇಳುತ್ತಿದ್ದೆ. ಶಿಲ್ಪದ ಸೆಳೆತಕ್ಕೆ ಮನೆ ಬಿಟ್ಟು ಹೊರಟ ತಂದೆ. ಅವನನ್ನು ಹುಡುಕುತ್ತ ಬಂದ, ಅವನು ಕಾಣದ ಮಗ ಡಂಕಣ. ಮೂರ್ತಿಗೆ ಗಂಧ ಬಳಿದಾಗ ಹೊಕ್ಕುಳಿನ ಬಳಿ ಮಾತ್ರ ಆರದೆ ಉಳಿದದ್ದು. ಒಡೆದಾಗ ಒಳಗಿನಿಂದ ಹೊರಬಂದ ಕಪ್ಪೆ. ಮಾತಿಗೆ ತಪ್ಪದೆ ಬಲಗೈ ಕಡಿದುಕೊಂಡ ಶಿಲ್ಪಿ. ಮಕ್ಕಳು ಕಪ್ಪೆಯ ವಿಷಯಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ವರ್ಷ ಮನೆಯಲ್ಲಿ ಆ ಮಗುವನ್ನು ಬೆಳೆಸಿದ ತಾಯಿಯ ವಿಷಯವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಲ್ಲಿನ ಹೊಟ್ಟೆಯೊಳಗಿನ ದೋಷವನ್ನು ಬಂದು ತೋರಿಸಿದವನು ಮಗನೇ ಏಕಾದ ಎಂಬುದು ನನಗೆ ಹೊಳೆದದ್ದು ತೀರ ಈಚೆಗೆ.

ಜಕಣಾಚಾರಿ ಐತಿಹಾಸಿಕ ವ್ಯಕ್ತಿಯೆಂಬುದಕ್ಕೆ ಆಧಾರ ಸಾಲದು. ಅದು ಜನಪದರ ಕತೆ. ಆದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಅದೇ ಗುಡಿಯಲ್ಲಿ ನಿಜವಾದ ಹೆಸರುಗಳೂ ಇವೆ. ಮದನಿಕೆಯರ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ತಂದೆಯೂ ಮಗನೂ ಒಂದೇ ಗುಡಿಗೆ ಕೆತ್ತಿದರು. ಕತೆಗಿಂತ ಈ ಶಾಸನವೇ ನನಗೆ ಈಗ ಹೆಚ್ಚು ಪ್ರಿಯ.

ಆ ಶಿಲ್ಪಿಗಳಿಗೆ ಒಂದು ಅನುಕೂಲವಿತ್ತು. ಹೊತ್ತು ಮುಳುಗಿ ಬೆಳಕು ಸೋತರೆ ಸೂಕ್ಷ್ಮ ಕೆತ್ತನೆ ಸಾಗದು, ಉಳಿ ಕೆಳಗಿಡಲೇಬೇಕು. ಪರದೆಗೆ ಸೂರ್ಯಾಸ್ತವಿಲ್ಲ. ಒಂದು ತಪ್ಪು ತಿದ್ದಿದರೆ ಅದರ ಹಿಂದಿನದು ಕಾಣುತ್ತದೆ. "ಇನ್ನು ಹತ್ತೇ ನಿಮಿಷ" ಎಂದವನಿಗೆ ಕೋಳಿ ಕೂಗಿದ್ದು ಕೇಳಿಸುತ್ತದೆ. ಪೂರ್ತಿ ಮುಗಿಸಿಯೇ ಏಳುತ್ತೇನೆ ಎನ್ನುವವರು ಹಳೇಬೀಡಿಗೆ ಹೋಗಿಬರಲಿ. ದಶಕಗಳ ಕಾಲ ಕೆಲಸ ನಡೆದ ಹೊಯ್ಸಳೇಶ್ವರದಲ್ಲಿ ಕೆತ್ತನೆ ಮುಗಿಯದ ಜಾಗಗಳು ಇಂದಿಗೂ ಇವೆ. 2023ರಲ್ಲಿ ಯುನೆಸ್ಕೊ ಅದನ್ನು ಹಾಗೆಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಇಷ್ಟನ್ನೂ ಅಂದು ಶಿಷ್ಯನಿಗೆ ಹೇಳಲಾಗಲಿಲ್ಲ. ಹೇಳಿದ್ದು ಒಂದೇ: "ನಿನ್ನ ಯಂತ್ರಕ್ಕೆ ತಪ್ಪು ಹಿಡಿಯುವವರು ಬೇಕಲ್ಲಪ್ಪಾ, ಇವನಿಗೆ ಅಕ್ಷರ ಬರುತ್ತದೆಯೇ?" ಮಗ ನಾಚಿ ತಾಯಿಯ ಸೆರಗು ಹಿಡಿದ. ಒತ್ತಕ್ಷರವನ್ನು ಈಗಷ್ಟೇ ಶಾಲೆಯಲ್ಲಿ ಆರಂಭಿಸಿದ್ದಾರಂತೆ. ಅದನ್ನು ಹೇಳಿದವಳು ತಾಯಿ. ತಂದೆಗೆ ಗೊತ್ತಿರಲಿಲ್ಲ. ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ.

ಮೊನ್ನೆ ಅವನ ಫೋನು ಬಂದಿತ್ತು. ಸಂಕ್ರಾಂತಿಯ ರಜೆಗೆ ಮೂವರೂ ಬರುತ್ತಾರಂತೆ. ಬಾಣಾವರ, ಜಾವಗಲ್ ದಾರಿಯಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗುವುದೆಂದು ಮಾತಾಗಿದೆ. ಚಾವಣನ ಹೆಸರಿರುವ ಮದನಿಕೆಯನ್ನು ಹುಡುಗನಿಗೆ ತೋರಿಸಬೇಕು. ಲ್ಯಾಪ್‌ಟಾಪ್ ತರಬೇಡವೆಂದು ನಾನೇನೂ ಹೇಳಿಲ್ಲ.