ಟಯರ್ ಎಲ್ಲರ ಕಣ್ಣಿಗೆ ಬೀಳುತ್ತೆ, ಸೀಟಿನಡಿಯ ಬ್ಯಾಟರಿ ಯಾರಿಗೂ ಕಾಣಲ್ಲ

ಮಡಿಕೇರಿ: ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪು, ತೋಟದೊಳಗೆ ಕಾಫಿ ಮೂಟೆ ಎಳೆಯುವ ಜೀಪು, ಮಳೆಗಾಲದ ಕೆಸರಲ್ಲಿ ಆಫ್‌ರೋಡ್ ಸ್ಪರ್ಧೆಗೆ ಇಳಿಯುವ ಜೀಪು. ಕೊಡಗಿನಲ್ಲಿ ಈ ಮೂರರಲ್ಲೂ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಹಳೇ ಗಾಡಿಗಳಿವೆ. ಹೀಗೆ ಕಟ್ಟಿಸುವಾಗ ಮಾತೆಲ್ಲ ಟಯರ್, ವಿಂಚ್, ಬಂಪರ್ ಬಗ್ಗೆಯೇ. ಬ್ಯಾಟರಿ ಎಲ್ಲಿ ಕೂರುತ್ತೆ, ಇಂಧನದ ಪೈಪು ಎಲ್ಲಿ ಹಾಯುತ್ತೆ ಅಂತ ಕೇಳೋರು ಕಮ್ಮಿ. ಆದರೆ ಗಾಡಿಗೆ ಬೆಂಕಿ ಬೀಳುವ ದಾರಿ ಶುರುವಾಗುವುದು ಇಲ್ಲಿಂದಲೇ.

ಜಾಗ ಇಲ್ಲದ್ದೇ ಮೂಲ ತೊಂದರೆ

ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಇಂಧನ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇತ್ತು, ಬ್ಯಾಟರಿ ಬಾನೆಟ್ ಒಳಗಿತ್ತು. ಅದೇ ಅಚ್ಚಿನ ಗಾಡಿಗೆ ಈಗ ದೊಡ್ಡ ಡೀಸೆಲ್ ಎಂಜಿನ್, ಟರ್ಬೊ, ಪವರ್ ಸ್ಟೀರಿಂಗ್ ಪಂಪ್ ತುಂಬಿದರೆ ಬಾನೆಟ್ ಒಳಗೆ ಜಾಗ ಉಳಿಯಲ್ಲ. ವಿಂಚ್ ಹಾಕಿಸಿದರೆ ಬ್ಯಾಟರಿಯೂ ದೊಡ್ಡದೇ ಬೇಕು. ಆಗ ಬ್ಯಾಟರಿ ಪಕ್ಕದ ಸೀಟಿನಡಿಗೆ ಹೋಗುತ್ತೆ. ಅಂದರೆ ಟ್ಯಾಂಕಿನ ಮಗ್ಗುಲಿಗೆ.

ಸೀಟಿನಡಿ ಇಡುವುದೇ ತಪ್ಪು ಅಂತಲ್ಲ, ಇಡುವ ರೀತಿ ಮುಖ್ಯ. ಸೈಕಲ್ ಟ್ಯೂಬ್‌ನಲ್ಲಿ ಬಿಗಿದ ಬ್ಯಾಟರಿ ಕಲ್ಲು ದಾರಿಯಲ್ಲಿ ಕುಣಿಯುತ್ತೆ. ಮೇಲೆ ಭಾರದವರು ಕೂತರೆ ಸೀಟಿನ ಕಬ್ಬಿಣ ಬಗ್ಗಿ ಟರ್ಮಿನಲ್‌ಗೆ ತಾಗಬಹುದು. ತಾಗಿದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿದು ಕಿಡಿ ಹಾರುತ್ತೆ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಗಾಳಿಯಲ್ಲಿ ಅದು ಶೇ. 4ರಷ್ಟು ಸೇರಿದರೆ ಸಾಕು, ಕಿಡಿಗೆ ಹತ್ತಿಕೊಳ್ಳುತ್ತೆ. ಗಾಳಿ ಆಡದ ಪೆಟ್ಟಿಗೆಯಲ್ಲಿ ಬ್ಯಾಟರಿ ಮುಚ್ಚಿಡಬಾರದು ಅನ್ನುವುದು ಇದಕ್ಕೇ.

ಡೀಸೆಲ್ ಅಂತ ಧೈರ್ಯ ಬೇಡ

‘ಡೀಸೆಲ್ ಗಾಡಿ, ಬೆಂಕಿ ಹತ್ತಲ್ಲ ಬಿಡಿ’ ಅನ್ನುವ ಮಾತಿದೆ. ಅರ್ಧ ಮಾತ್ರ ನಿಜ. ಪೆಟ್ರೋಲಿನಷ್ಟು ಬೇಗ ಡೀಸೆಲ್ ಆವಿ ಆಗಲ್ಲ. ಆದರೆ ಪೈಪು ಸೀಳಿ ಸಣ್ಣ ಹನಿಗಳಾಗಿ ಚಿಮ್ಮಿ, ಏರು ಹತ್ತಿ ಕಾದಿರುವ ಎಕ್ಸಾಸ್ಟ್ ಮೇಲೆ ಬಿದ್ದರೆ ಕಿಡಿಯೇ ಬೇಡ, ತಾನಾಗಿಯೇ ಹತ್ತುತ್ತೆ.

ಪೈಪು ಸೀಳುವುದು ಒಂದೇ ದಿನದಲ್ಲಲ್ಲ. ಚಾಸಿಯ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಸವೆಯುತ್ತೆ. ಬ್ಯಾಟರಿ ವೈರೂ ಹೀಗೇ ಸವೆಯುತ್ತೆ. ಇವೆರಡನ್ನೂ ಒಂದೇ ಟೈ ಹಾಕಿ ಕಟ್ಟಿದ್ದರೆ ಸೋರುವ ಇಂಧನಕ್ಕೆ ಕಿಡಿ ಪಕ್ಕದಲ್ಲೇ ಸಿದ್ಧವಿದ್ದಂತೆ.

ಹಾಗಾಗಿ ವೈರು ಚಾಸಿಯ ಒಂದು ಬದಿ, ಇಂಧನ ಪೈಪು ಎಕ್ಸಾಸ್ಟ್ ಇಲ್ಲದ ಇನ್ನೊಂದು ಬದಿ ಹೋಗಬೇಕು. ದಾಟಲೇಬೇಕಾದ ಕಡೆ ವೈರು ಮೇಲಿರಲಿ, ಸೋರಿದ್ದು ಕೆಳಗೆ ತಾನೇ ಬೀಳುವುದು. ಉದ್ದಕ್ಕೂ ಲೋಹದ ಪೈಪು, ಎಂಜಿನ್ ಅಲುಗಾಡುವ ಕಡೆ ಮಾತ್ರ ಇಂಧನಕ್ಕೆಂದೇ ಮಾಡಿದ ರಬ್ಬರ್ ಹೋಸ್, ತೂತು ಇರುವ ಕಡೆಯೆಲ್ಲ ರಬ್ಬರ್ ಬುಷ್. ಬ್ಯಾಟರಿಗೆ ಲೋಹದ ಪಟ್ಟಿ, ಪ್ಲಸ್ ಟರ್ಮಿನಲ್‌ಗೆ ಮುಚ್ಚಳ. ಹೆಚ್ಚುವರಿ ಲೈಟ್‌ಗಳ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಸ್ಟಾರ್ಟರ್ ವೈರಿಗೆ ಸಾಮಾನ್ಯವಾಗಿ ಫ್ಯೂಸೇ ಇರಲ್ಲ, ಅದಕ್ಕೆ ಗಟ್ಟಿ ಹೊದಿಕೆ ಇನ್ನೂ ಮುಖ್ಯ. ಡ್ರೈವರ್ ಕೈಗೆ ಸಿಗುವ ಕಡೆ ಒಂದು ಕಟ್ ಆಫ್ ಸ್ವಿಚ್ ಇದ್ದರೆ ಗಾಡಿ ಮಗುಚಿದಾಗ ಕರೆಂಟ್ ನಿಲ್ಲಿಸಬಹುದು.

ಕಾನೂನಿದೆ, ನೋಡೋರಿಲ್ಲ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಾಯಿತು.

ಆದರೆ ರಸ್ತೆ ತಪಾಸಣೆಯಲ್ಲಿ ಸುಲಭವಾಗಿ ಕಾಣುವುದು ದೊಡ್ಡ ಟಯರ್, ಬಂಪರ್, ಲೈಟು. ಸೀಟೆತ್ತಿ ನೋಡದೆ ಬ್ಯಾಟರಿ ಕಾಣಲ್ಲ. ಬಿಳಿ ಬೋರ್ಡಿನ ಖಾಸಗಿ ಗಾಡಿ ನೋಂದಣಿಯಾಗಿ 15 ವರ್ಷದ ನಂತರ, ಆಮೇಲೆ 5 ವರ್ಷಕ್ಕೊಮ್ಮೆ ಮಾತ್ರ ತಪಾಸಣೆಗೆ ಬರುತ್ತೆ. ಮಧ್ಯೆ ನಡೆದ ಕೆಲಸ ಗ್ಯಾರೇಜಿನೊಳಗೇ ಉಳಿಯುತ್ತೆ. ಸಂಪೂರ್ಣ ನಿಷೇಧ ಅಂದಾಗ ಒಳ್ಳೆ ಕೆಲಸವೂ ಕದ್ದುಮುಚ್ಚಿ ನಡೆಯುತ್ತೆ, ಕೆಟ್ಟ ಕೆಲಸವೂ ಅದರ ಜೊತೆ ಅಡಗುತ್ತೆ. ಕೊನೆಗೆ ಅದರ ಮೇಲೆ ಕೂರೋದು ಏನೂ ಗೊತ್ತಿಲ್ಲದ ಪ್ರವಾಸಿ, ಇಲ್ಲಾ ತೋಟದ ಕಾರ್ಮಿಕ.

ಪ್ರವಾಸಿ ಜೀಪುಗಳಿಗಾದರೂ ಸೀಸನ್‌ಗೆ ಮೊದಲು ಬ್ಯಾಟರಿ, ಇಂಧನ ಪೈಪಿನ ತಪಾಸಣೆ ಇಡುವುದು ಆರ್‌ಟಿಒ, ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಿನ ಬಾಬತ್ತಲ್ಲ. ಅಲ್ಲಿಯವರೆಗೆ ಜವಾಬ್ದಾರಿ ಮಾಲೀಕರದ್ದೇ. ಗ್ಯಾರೇಜಿನಲ್ಲಿ ಚಾಸಿ ಮೇಲೆ ಬಾಡಿ ಕೂರಿಸುವ ಹಿಂದಿನ ದಿನ ಒಮ್ಮೆ ಹೋಗಿ ನೋಡಿ ಬಂದರೆ ಅರ್ಧ ಗಂಟೆಯ ಕೆಲಸ. ಬಾಡಿ ಕೂತ ಮೇಲೆ ಪೈಪು ಕಾಣಲ್ಲ.